ಅಮ್ಮನಿಗೆ ಯಾರು ಹೇಳಿದ್ದು?

ನನ್ನನ್ನು ಕಂಡರೆ ಮನೆಯವರಿಗೆ ಹೆದರಿಕೆ ಎಂಬುದು ನನಗೆ ಗೊತ್ತಾದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಥಾಣೆಯ ಒಂದು ಆಸ್ಪತ್ರೆಯ ಹಸಿರು ಪರದೆಯ ಹಿಂದೆ ನಿಂತಿದ್ದಾಗ. ಪರದೆಯ ಆಚೆ ನನ್ನ ಗಂಡ ರಘುರಾಮ ಮಲಗಿದ್ದರು. ಆ ಬೆಳಿಗ್ಗೆ ಅವರಿಗೆ ಹೃದಯಾಘಾತವಾಗಿತ್ತು. ಹನ್ನೊಂದು ವರ್ಷದ ಮಗಳು ಅನಘಾ ಅವರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಪಪ್ಪಾ, ಅಮ್ಮಾ ಕೋ ಕಿಸ್‌ನೇ ಬತಾಯಾ?"

ಅವಳು ಮುಂಬೈ ಪಕ್ಕದ ಡೊಂಬಿವಲಿಯಲ್ಲೇ, ನಾವು ಮನೆ ಮಾಡಿದ್ದ ಊರಲ್ಲೇ, ಹುಟ್ಟಿದ ಮಗು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಅಮ್ಮನಿಗೆ ಯಾರು ಹೇಳಿದ್ದು ಎಂದು ಕೇಳುತ್ತಿದ್ದಳು. ಅದಕ್ಕೆ ರಘು ಅಷ್ಟೇ ಮೆಲ್ಲಗೆ, "ಭೋಜಣ್ಣ ಹೇಳಿಬಿಟ್ಟ ಮಗಾ. ಬೇಡ ಅಂದಿದ್ದೆ" ಅಂದರು. ಒಂದೇ ತಪ್ಪು ಮಾಡಿ ಸಿಕ್ಕಿಬಿದ್ದ ಇಬ್ಬರು ಮಕ್ಕಳ ದನಿ ಅದು.

ನಾನು ಪರದೆ ಸರಿಸಲಿಲ್ಲ. ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡು ನಿಂತೆ.

ಆ ಫೈಲಿನ ಕಥೆಯನ್ನು ಹೇಳಲೇಬೇಕು. ಹೇಳಲು ನನಗೆ ಈಗಲೂ ನಾಚಿಕೆ.

ರಘು ಥಾಣೆಯ ಕಾರ್ಖಾನೆ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ನಾನು ಡೊಂಬಿವಲಿಯ ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳ ಕಾಗದಪತ್ರ ತಪಾಸಣೆ ಮಾಡುತ್ತಿದ್ದೆ. ಆ ದಿನ ಸಂಜೆ ಐದು ಗಂಟೆಗೆ ನಾವು ಫ್ರಿಜ್ ಕೊಳ್ಳಲು ಹೋಗುವುದಿತ್ತು. ಯಾವ ಫ್ರಿಜ್ ಎಂದು ನಾನು ನಾಲ್ಕು ತಿಂಗಳು ಹೋಲಿಸಿ ಹೋಲಿಸಿ ಕೊನೆಗೆ ಆ ದಿನವನ್ನು ಗೊತ್ತುಮಾಡಿದ್ದೆ. ಬೆಳಿಗ್ಗೆ ಹತ್ತಕ್ಕೆ ರಘುವಿಗೆ ಎದೆ ಹಿಡಿದುಕೊಂಡಿತು, ಬೆವರು ಸುರಿಯಿತು. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಭೋಜಣ್ಣನನ್ನು ಕರೆದುಕೊಂಡು ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದರು. ಹೋಗುವಾಗ ಹೇಳಿದ್ದು ಒಂದೇ ಮಾತು: "ಮನೆಗೆ ಫೋನ್ ಮಾಡ್ಬೇಡ. ಸಂಜೆ ಅವಳ ಪ್ರೋಗ್ರಾಮ್ ಉಂಟು."

ಭೋಜಣ್ಣ ಮಧ್ಯಾಹ್ನದವರೆಗೆ ಸಹಿಸಿಕೊಂಡ. ಆಮೇಲೆ ನನ್ನ ಆಫೀಸಿಗೆ ಫೋನ್ ಮಾಡಿದ. "ಅಕ್ಕಾ, ಬೈಬೇಡಿ. ಅವ್ರು ಹೇಳ್ಬೇಡ ಅಂದಿದ್ರು. ಐಸಿಯುದಲ್ಲಿ ಇದ್ದಾರೆ. ನೀವು ಬೇಗ ಬನ್ನಿ."

ನಾನು ಸ್ಟೇಶನ್ನಿಗೆ ಓಡಲಿಲ್ಲ, ಮನೆಗೆ ಓಡಿದೆ. ಕಪಾಟಿನ ಎರಡನೆಯ ಖಾನೆಯಲ್ಲಿ ರಘುವಿನ ಮೆಡಿಕಲ್ ಫೈಲ್ ಇತ್ತು. ಅದು ಬೇಕಾಗುತ್ತದೆ ಎಂಬುದು ಸರಿಯೇ. ಆದರೆ ತೆರೆದು ನೋಡಿದರೆ ಕಾಗದಗಳು ತಾರೀಖಿನ ಪ್ರಕಾರ ಇರಲಿಲ್ಲ. ಯಾರೋ ತೆಗೆದು ಹಿಂದೆ ಮುಂದೆ ಇಟ್ಟಿದ್ದರು. ನಾನು ನೆಲದ ಮೇಲೆ ಕೂತೆ. ಗಂಡ ಐಸಿಯುದಲ್ಲಿರುವಾಗ ಇಪ್ಪತ್ತು ನಿಮಿಷ ಕೂತು ಆ ಕಾಗದಗಳನ್ನು ಜೋಡಿಸಿದೆ. ಅಳುತ್ತಿದ್ದೆ, ಆದರೂ ಎದ್ದು ಹೋಗಲು ಆಗಲಿಲ್ಲ. ಒಂದು ಕಾಗದ ತಪ್ಪಿದರೂ ಅವರು ಸತ್ತೇಹೋಗುತ್ತಾರೆ ಅನ್ನಿಸುತ್ತಿತ್ತು.

ಅನಘಾನನ್ನು ಶಾಲೆಯಿಂದ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಅವರ ಮುಖ ಕಂಡಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಫೈಲ್ ಇಲ್ಲದೆ ಹೇಗೆ ಬಂದ್ರಿ?"

ಮಂಚದ ಪಕ್ಕದ ಮಾನಿಟರಿನಲ್ಲಿ ಅವರ ನಾಡಿಯ ಸಂಖ್ಯೆ ಇತ್ತು. ನಾನು ನೋಡುತ್ತಿದ್ದ ಹಾಗೇ ಅದು ಏರಿತು. ನರ್ಸ್ ಓಡಿ ಬಂದು ನನ್ನ ತೋಳು ಹಿಡಿದು, "ಮ್ಯಾಡಮ್, ಆಪ್ ಥೋಡಾ ಬಾಹರ್ ಬೈಠಿಯೇ" ಎಂದಳು. ನಾನು ಹೊರಗೆ ಹೋದ ಮೇಲೆ ಅದು ಇಳಿಯಿತಂತೆ. ಹೇಳಿದವಳು ಅವಳೇ, ಸಮಾಧಾನ ಮಾಡುವ ಹಾಗೆ. ನಾನು ಪರದೆಯ ಹಿಂದೆ ನಿಂತದ್ದು ಆಮೇಲೆ, ಮತ್ತೆ ಒಳಗೆ ಬರುವಾಗ.

ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಆರನೆಯ ದಿನ ಡಿಸ್ಚಾರ್ಜ್. ನಾನು ಅಷ್ಟರಲ್ಲಿ ಮನೆಯಲ್ಲಿ ಅವರ ಊಟ, ಮಾತ್ರೆ, ನಡಿಗೆ, ನಿದ್ದೆಯ ವೇಳಾಪಟ್ಟಿ ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ರಘು ನನ್ನ ಮುಖ ನೋಡದೆ ಹೇಳಿದರು.

"ಸುಮಾ, ನಾನು ಸ್ವಲ್ಪ ದಿನ ಕಲ್ಯಾಣಕ್ಕೆ ಹೋಗ್ತೇನೆ. ಮಾಲತಿ ಬರ್ಲಿಕ್ಕೆ ಹೇಳಿದ್ದಾಳೆ. ಅನಘಾನನ್ನೂ ಕರ್ಕೊಂಡು ಹೋಗ್ತೇನೆ."

ಮಾಲತಿ ಅವರ ತಂಗಿ, ಪಕ್ಕದ ಊರಾದ ಕಲ್ಯಾಣದಲ್ಲಿದ್ದಳು. ಅವಳ ಮನೆಯಲ್ಲಿ ಸೋಫಾದ ಮೇಲೆ ಬಟ್ಟೆ, ಟಿವಿಯ ಮೇಲೆ ಬಾಚಣಿಗೆ.

"ಅಲ್ಲಿ ನಿಮ್ಮನ್ನು ಯಾರು ನೋಡ್ಕೊಳ್ತಾರೆ? ನಾನು ಎಲ್ಲಾ ಬರೆದಿಟ್ಟಿದ್ದೇನೆ."

"ಗೊತ್ತುಂಟು. ಅದಕ್ಕೇ." ಅವರು ಕೈಬೀಸಿ ರಿಕ್ಷಾ ನಿಲ್ಲಿಸಿದರು. "ನನಗೆ ಸ್ವಲ್ಪ ದಿನ ಹೆದರದೆ ಇರ್ಬೇಕು ಮಾರಾಯ್ತಿ."

ರಿಕ್ಷಾ ಹೊರಟಿತು. ಅನಘಾ ತಿರುಗಿ ನೋಡಲಿಲ್ಲ.

ಆಮೇಲಿನ ಮೂರು ವಾರ ನನ್ನ ಜೀವನದಲ್ಲೇ ಅತ್ಯಂತ ಭಯಾನಕವಾದವು. ಮದುವೆಯಾದ ಹದಿನಾಲ್ಕು ವರ್ಷವೂ ನಾನು ಬಯಸಿದ್ದ ಮನೆ ಅದು. ಟವೆಲ್ಲಿನ ಅಂಚು ಸಮನಾಗಿ ತೂಗುತ್ತಿತ್ತು. ಚಪ್ಪಲಿಗಳ ಮೂತಿ ಗೋಡೆಗೆ ಇತ್ತು. ಡಬ್ಬಿಗಳ ಹೆಸರಿನ ಚೀಟಿ ಎಲ್ಲವೂ ಮುಂದಕ್ಕೆ. ಬೆಳಿಗ್ಗೆ ಇಟ್ಟದ್ದು ಸಂಜೆ ಅಲ್ಲೇ ಇರುತ್ತಿತ್ತು. ಬೀಗ ತೆಗೆದು ಒಳಗೆ ಬಂದು, ಏನೂ ಕದಲದೆ ಇರುವುದನ್ನು ನೋಡಿ, ಚಪ್ಪಲಿಯಲ್ಲೇ ನಿಂತುಬಿಡುತ್ತಿದ್ದೆ. ಯಾರೋ ಸತ್ತು ಹೋದ ಮನೆಗೆ ಬಂದ ಹಾಗೆ. ಆದರೂ ನಾನು ಸರಿ, ಅವರೇ ತಪ್ಪು ಎಂಬುದರಲ್ಲಿ ನನಗೆ ಒಂದು ಚೂರೂ ಸಂಶಯ ಇರಲಿಲ್ಲ. ನನ್ನ ಕಾಯಿಲೆಯ ಸ್ವಭಾವವೇ ಅದು ಎಂದು ಆಗ ಗೊತ್ತಿರಲಿಲ್ಲ.

ಹೃದಯದ ಡಾಕ್ಟರು ರಘುವನ್ನು ಮನೋವೈದ್ಯೆಯೊಬ್ಬರ ಹತ್ತಿರ ಕಳಿಸಿದ್ದರು. ಥಾಣೆ ಸ್ಟೇಶನ್ನಿನ ಹತ್ತಿರ ಕ್ಲಿನಿಕ್ಕು. ಎರಡು ಸಲ ಅವರನ್ನು ನೋಡಿದ ಮೇಲೆ ಆಕೆ, ಹೆಂಡತಿಯನ್ನೂ ಒಮ್ಮೆ ಕಾಣಬೇಕು ಎಂದರಂತೆ. ನನಗೆ ಸಮಾಧಾನವಾಯಿತು. ಕೊನೆಗೂ ಯಾರೋ ನನ್ನ ಮಾತು ಕೇಳುತ್ತಾರೆ! ರಘುವಿನ ತೊಂದರೆಗಳ ಪಟ್ಟಿ ಮಾಡಿಕೊಂಡು ಹೋದೆ.

ಕಾಯುವ ಕೋಣೆಯಲ್ಲಿ ಆರು ಕುರ್ಚಿ. ನಮ್ಮ ಹೌಸಿಂಗ್ ಸೊಸೈಟಿಯ ಯಾರಾದರೂ ನೋಡಿಯಾರು ಎಂದು ಬಾಗಿಲಿಗೆ ಬೆನ್ನು ಹಾಕಿ ಕೂತೆ. ಮೇಜಿನ ಮೇಲೆ ಹಳೆಯ ಮಾಸಪತ್ರಿಕೆಗಳು ಚೆಲ್ಲಿದ್ದವು. ಅವನ್ನು ಒಪ್ಪವಾಗಿ ಜೋಡಿಸಿದೆ. ಪಕ್ಕದಲ್ಲಿ ಕೂತಿದ್ದ, ಒಂಬತ್ತು ಗಜದ ನೌವಾರಿ ಸೀರೆಯ ಮರಾಠಿ ಅಜ್ಜಿಯೊಬ್ಬರು ನನ್ನ ಕೈಯನ್ನೇ ನೋಡುತ್ತಿದ್ದು, "ಪಹಿಲ್ಯಾಂದಾ ಆಲೀಸ್ ಕಾ?" ಎಂದರು. ಮೊದಲ ಸಲ ಬಂದೆಯಾ ಎಂದು. ಪೇಶೆಂಟ್ ನಾನಲ್ಲ, ನನ್ನ ಗಂಡ ಎಂದೆ. ಅವರು ನಗಲಿಲ್ಲ. ಕೈಚೀಲದಿಂದ ಒಂದು ಆಲೇಪಾಕ್ ಮಿಠಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಶುಂಠಿಯ ಆ ಖಾರ ಗಂಟಲಲ್ಲಿ ಇಳಿಯುವವರೆಗೆ ನನಗೆ ಬಾಯಿ ಎಷ್ಟು ಒಣಗಿತ್ತು ಎಂದೇ ತಿಳಿದಿರಲಿಲ್ಲ.

ಅಲ್ಲಿ ಎಲ್ಲರೂ 'ಡಾಕ್ಟರ್ ಬಾಯಿ' ಎಂದು ಕರೆಯುತ್ತಿದ್ದ ಆ ವೈದ್ಯೆ ನನ್ನದೇ ವಯಸ್ಸಿನವರು. ನಾವು ಮಾತಾಡಿದ್ದು ಹಿಂದಿಯಲ್ಲಿ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ. ಅವರು ನನ್ನ ಎರಡು ಪುಟದ ಪಟ್ಟಿಯನ್ನು ಪೂರ್ತಿ ಓದಿದರು.

"ಅಕ್ಷರ ಬಹಳ ಚೆನ್ನಾಗಿದೆ. ಇದನ್ನು ಒಂದೇ ಸಲ ಬರೆದಿರಾ?"

"ಇಲ್ಲ, ಮೂರು ಸಲ. ಮೊದಲನೆಯದರಲ್ಲಿ ಒಂದು ಕಾಟು ಇತ್ತು. ಎರಡನೆಯದರಲ್ಲಿ ಅಂಚು ಸರಿಯಿರಲಿಲ್ಲ."

"ಹನ್ನೆರಡನೆಯದು, 'ಒದ್ದೆ ಟವೆಲ್ ಓರೆಯಾಗಿ ಹಾಕುತ್ತಾರೆ.' ಓರೆಯಾಗಿ ಹಾಕಿದರೆ ಏನಾಗುತ್ತದೆ?"

"ಸರಿಯಾಗಿ ಒಣಗುವುದಿಲ್ಲ."

"ಒಣಗದಿದ್ದರೆ?"

"ವಾಸನೆ ಬರುತ್ತದೆ."

"ಬಂದರೆ?"

ನಾನು ಉತ್ತರಕ್ಕೆ ಬಾಯಿ ತೆರೆದೆ. ಒಳಗೆ ಇದ್ದದ್ದು ಒಂದು ಕಪ್ಪು ಗುಂಡಿಯಂಥದ್ದು. ಒಂದು ಟವೆಲ್ ಬಿಟ್ಟರೆ ಎಲ್ಲವೂ ಕೈಬಿಡುತ್ತದೆ, ಮನೆ, ಮಗು, ಕೆಲಸ, ಮರ್ಯಾದೆ, ಎಲ್ಲವೂ ಕುಸಿಯುತ್ತದೆ, ಅದಕ್ಕೆ ನಾನೇ ಕಾರಣವಾಗುತ್ತೇನೆ. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ಅಂದು ಆಕೆಗೆ ಹೇಳಿಬಿಟ್ಟೆ. ಆಕೆ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ನಿಮ್ಮ ಗಂಡನಿಗೆ ನಿಮ್ಮ ಭಯ. ಸರಿ. ನಿಮಗೆ ಇಷ್ಟೊಂದು ಭಯ ಎಂದು ಅವರಿಗೆ ಗೊತ್ತೇ?"

ನನ್ನ ಕಾಯಿಲೆಯ ಉದ್ದನೆಯ ಹೆಸರನ್ನು ಆಕೆ ಹೇಳಿದ್ದು ನಾಲ್ಕನೆಯ ಭೇಟಿಯಲ್ಲಿ. ಒಬ್ಸೆಸಿವ್ ಕಂಪಲ್ಸಿವ್ ಪರ್ಸನಾಲಿಟಿ ಡಿಸಾರ್ಡರ್, ಎಲ್ಲವೂ ತನ್ನ ಪ್ರಕಾರ ಸರಿಯಿರಲೇಬೇಕೆಂಬ ಸ್ವಭಾವದ ಕಾಯಿಲೆ. ನಾನು ಪದೇಪದೇ ಕೈ ತೊಳೆಯುವವಳಲ್ಲವಲ್ಲ ಎಂದು ವಾದಿಸಿದೆ. ಅದು ಬೇರೆ, ಇದು ಬೇರೆ ಎಂದರು. ಕೈ ತೊಳೆಯುವ ಆ ಕಾಯಿಲೆಯವರಿಗೆ ತಮ್ಮ ನಡತೆ ತಮಗೇ ಹಿಂಸೆ. ಇದರಲ್ಲಿ ಮೊದಲು ಸೋಲುವವರು ಜೊತೆಯಲ್ಲಿ ಬದುಕುವವರು.

ಆ ದಿನ ಲೋಕಲ್ ರೈಲಿನಲ್ಲಿ ನಿಂತು ಡೊಂಬಿವಲಿಗೆ ಬರುವಾಗ ನನಗೆ ಎರಡು ಹೆದರಿಕೆ ಇದ್ದವು. ಇದು ವಾಸಿಯಾಗದಿದ್ದರೆ ಏನು ಎಂಬುದು ಒಂದು. ಇದು ವಾಸಿಯಾದರೆ ನಾನು ಅನ್ನುವವಳು ಉಳಿಯುತ್ತೇನೆಯೇ ಎಂಬುದು ಇನ್ನೊಂದು, ಮತ್ತು ಅದು ದೊಡ್ಡದು.

ಉಡುಪಿಯಲ್ಲಿದ್ದ ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಸಿಡಿದರು. "ಅಚ್ಚುಕಟ್ಟಾಗಿ ಇರುವುದು ಕಾಯಿಲೆಯಾ? ಎಂತ ಡಾಕ್ಟ್ರು ಮಾರಾಯ್ತಿ ಅವ್ಳು? ಹಾಗಾದ್ರೆ ನಿನ್ನ ಅಪ್ಪನಿಗೂ ಉಂಟು ಕಾಯಿಲೆ!"

ಆಡಿದ ಮಾತು ಅಮ್ಮನಿಗೇ ಕೇಳಿಸಿತು. ನನಗೂ ಕೇಳಿಸಿತು. ಅಂಗಳದಲ್ಲಿ ಅಪ್ಪನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ನಾವು ಮೂವರು ಮಕ್ಕಳೂ ಆಟ ನಿಲ್ಲಿಸಿ, ಮಣೆ ನೇರ ಮಾಡಿ, ಪುಸ್ತಕ ಹಿಡಿದು ಕೂರುತ್ತಿದ್ದೆವು. ಅದನ್ನು ನಾನು ಜೀವಮಾನವಿಡೀ ಗೌರವ ಎಂದುಕೊಂಡಿದ್ದೆ. ಆಮೇಲೆ ಅಮ್ಮ ಬೇರೆಯದೇ ಸ್ವರದಲ್ಲಿ, "ನೀನು ಹೋಗು ಆಯ್ತಾ, ಆ ಡಾಕ್ಟ್ರ ಹತ್ರ. ಬಿಡ್ಬೇಡ" ಎಂದು ಫೋನ್ ಇಟ್ಟರು.

ಚಿಕಿತ್ಸೆ ಎಂದರೆ ಕೆಲವು ತಿಂಗಳು ಒಂದು ಸಣ್ಣ ಮಾತ್ರೆ, ವಾರಕ್ಕೊಮ್ಮೆ ಮಾತು, ಮತ್ತು ಹೋಮ್‌ವರ್ಕ್. ನಾನು ಹೋಮ್‌ವರ್ಕಿಗೆ ಹೊಸ ಪುಸ್ತಕ ಕೊಂಡು, ರಟ್ಟು ಹಾಕಿ, ಕೆಂಪು ಗೆರೆ ಎಳೆದು, ಶುದ್ಧಪ್ರತಿ ಮಾಡಿ ಒಯ್ದೆ. ಡಾಕ್ಟರ್ ಬಾಯಿ ಅದನ್ನು ನೋಡಿ ಜೋರಾಗಿ ನಕ್ಕುಬಿಟ್ಟರು. ಮುಂದಿನ ವಾರದಿಂದ ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆಯಬೇಕು ಎಂದರು. ನನಗೆ ಅಳು ಬಂತು. ಅವರು ಕೊಟ್ಟ ಕೆಲಸಗಳನ್ನು ಬೇರೆಯವರಿಗೆ ಹೇಳಿದರೆ ಇದೇನು ಚಿಕಿತ್ಸೆ ಎನ್ನುತ್ತಾರೆ. ಒಂದು ಪಾತ್ರೆಯನ್ನು ತೊಳೆಯದೆ ಬೆಳಗಿನವರೆಗೆ ಬಿಡು. ಆಫೀಸಿನಲ್ಲಿ ಜೂನಿಯರ್ ಬರೆದ ಪತ್ರವನ್ನು ತಿದ್ದದೆ ಕಳಿಸು. ಆ ಪತ್ರ ಹೋದ ದಿನ ನಾನು ಆಫೀಸಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ನಿಂತು, ಎದೆ ಬಡಿದುಕೊಳ್ಳುವುದು ನಿಲ್ಲಲಿ ಎಂದು ಕಾದೆ. ರಘುವಿಗೂ ಹೀಗೇ ಆಗಿತ್ತೇ ಅಂದು ಬೆಳಿಗ್ಗೆ ಎಂದು ಯೋಚಿಸಿದೆ. ಪತ್ರಕ್ಕೆ ಯಾರಿಂದಲೂ ಆಕ್ಷೇಪ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಅನಘಾ ಒಂದು ಭಾನುವಾರ ಮನೆಗೆ ಬಂದಳು. ಮಾಲತಿ ಬಿಟ್ಟು ಹೋದಳು. ನಾನು ಅವಳಿಗೆ ಇಷ್ಟದ ನೀರುದೋಸೆ ಮಾಡಿದೆ. ಅವಳು ತಟ್ಟೆಯ ಸುತ್ತ ಚಟ್ನಿ ಚೆಲ್ಲಿದಳು, ನಾನು ಸೆರಗಿನಲ್ಲಿ ಕೈ ಬಿಗಿಹಿಡಿದು ನೋಡಿದೆ, ಒರೆಸಲಿಲ್ಲ. ಅವಳು ಕಣ್ಣಂಚಿನಲ್ಲಿ ನನ್ನನ್ನು ಗಮನಿಸುತ್ತಿದ್ದಳು. ತಿಂದು ಕೆಳಗೆ ಗೆಳತಿಯರ ಜೊತೆ ಆಡಲು ಓಡಿದಳು.

ಮೇಜಿನ ಮೇಲೆ ಅವಳ ಭೂಗೋಳದ ನಕ್ಷೆ ಬಿಡಿಸಿಟ್ಟಿತ್ತು. ಗೋದಾವರಿಯ ಗೆರೆ ಡೊಂಕು. ಕೃಷ್ಣೆಯ ಹೆಸರು ಗೆರೆಯ ಮೇಲೆ ಹತ್ತಿತ್ತು. ನಾನು ಬರೀ ನೋಡುತ್ತೇನೆ ಎಂದುಕೊಂಡೆ. ಬರೀ ಕೃಷ್ಣೆಯನ್ನು ಸರಿಮಾಡುತ್ತೇನೆ ಎಂದುಕೊಂಡೆ. ಅವಳು ಮೇಲೆ ಬರುವ ಹೊತ್ತಿಗೆ ಆ ನಕ್ಷೆಯಲ್ಲಿ ಅವಳ ಒಂದು ಅಕ್ಷರವೂ ಉಳಿದಿರಲಿಲ್ಲ. ರಬ್ಬರಿನ ಪುಡಿಯ ನಡುವೆ ನಾನು ಕೂತಿದ್ದೆ.

ಅವಳು ಕೂಗಲಿಲ್ಲ. ನಕ್ಷೆ ನೋಡಿದಳು. ಬ್ಯಾಗಿಗೆ ಪುಸ್ತಕ ತುಂಬಿದಳು. ಚಪ್ಪಲಿ ಹಾಕಿಕೊಂಡು, ತೆರೆದ ಬಾಗಿಲಲ್ಲಿ ನಿಂತು, "ಪಪ್ಪಾ ಕೋ ಬುಲಾಓ" ಅಂದಳು, ಪಪ್ಪನನ್ನು ಕರೆ ಎಂದು.

"ಅನಘಾ, ತಪ್ಪಾಯ್ತು ಪುಟ್ಟಾ. ಒಳಗೆ ಬಾ."

"ಪಪ್ಪಾ ಕೋ ಬುಲಾಓ, ಪ್ಲೀಸ್."

ನಾನು ಫೋನ್ ಮಾಡಿ ಅವರು ಬರುವವರೆಗೆ ಅರ್ಧ ಗಂಟೆ ಅವಳು ಹೊಸ್ತಿಲಿಂದ ಆಚೆಯೇ ನಿಂತಳು. ಮೆಟ್ಟಿಲು ಹತ್ತಿ ಬಂದ ರಘುವಿನ ಏದುಸಿರು ಕೇಳಿ ನನ್ನ ಜೀವ ಹಾರಿತು. ಅವರು ಅವಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಅವಳ ಜೊತೆ ಕೆಳಗಿಳಿದರು. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಈ ಮಗು ಈ ಮನೆಗೆ ಕಾಲಿಡುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಆ ವಾರ ಕ್ಲಿನಿಕ್ಕಿಗೆ ಹೋಗಲಿಲ್ಲ. ಏನು ಪ್ರಯೋಜನ ಎನಿಸಿತು. ಡಾಕ್ಟರ್ ಬಾಯಿಯೇ ಫೋನ್ ಮಾಡಿದರು. ನಕ್ಷೆಯ ಸಂಗತಿ ಕೇಳಿ, ಮಗಳಿಗೆ ಒಂದು ಪತ್ರ ಬರೆಯಿರಿ ಎಂದರು. ನಾಲ್ಕು ಸಲ ಬರೆದು, ನಾಲ್ಕನೆಯದನ್ನು ಒಯ್ದು ತೋರಿಸಿದೆ.

"ಮೊದಲನೆಯದು ಎಲ್ಲಿ?"

ಪರ್ಸಿನಲ್ಲಿತ್ತು. ಕಾಟು, ಗೀಚು, ಒಂದು ಕಡೆ ಕಣ್ಣೀರು ಬಿದ್ದು ಶಾಯಿ ಹರಡಿತ್ತು.

"ಇದನ್ನು ಕೊಡಿ."

"ಇದನ್ನಾ? ಅವಳು ಏನೆಂದುಕೊಳ್ಳುತ್ತಾಳೆ?"

"ನೀವೇ ಹೋಗಿ ನೋಡಿ."

ಕಲ್ಯಾಣದಲ್ಲಿ ಮಾಲತಿಯ ಮನೆಯ ಬಾಗಿಲಲ್ಲೇ ಕೊಟ್ಟೆ. ಅನಘಾ ನಿಂತುಕೊಂಡೇ ಓದಿದಳು. ಕನ್ನಡ ಓದಲು ಬಾರದು ಎಂದು ಹಿಂದಿಯಲ್ಲಿ ಬರೆದಿದ್ದೆ. ಓದಿ ಹಿಂದೆ ತಿರುಗಿಸಿದಳು, ಮತ್ತೆ ಮುಂದೆ ತಿರುಗಿಸಿದಳು. ಗೀಚಿದ ಒಂದು ಸಾಲಿನ ಮೇಲೆ ಬೆರಳಿಟ್ಟು, ಬಹಳ ಆಶ್ಚರ್ಯದಿಂದ, "ಅಮ್ಮಾ, ಆಪ್‌ಸೇ ಭೀ ಗಲತೀ ಹೋತೀ ಹೈ?" ಎಂದಳು, ನಿನ್ನಿಂದಲೂ ತಪ್ಪಾಗುತ್ತದಾ ಎಂದು.

"ಆಗ್ತದೆ. ತುಂಬಾ ಆಗ್ತದೆ. ಮುಚ್ಚಿಡ್ತೇನೆ."

"ಮೈಂ ಭೀ" ಎಂದಳು. ನಾನೂ ಮುಚ್ಚಿಡುತ್ತೇನೆ ಎಂದು. ಮುಖದಲ್ಲಿ ನಗು ಇರಲಿಲ್ಲ. ಆದರೆ ಬಾಗಿಲಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಒಳಗೆ ಹೋಗಿ ಸೋಫಾದ ಮೇಲಿನ ಬಟ್ಟೆಗಳ ನಡುವೆ ಕೂತೆ.

ರಘು ಮನೆಗೆ ಮರಳಿದ್ದು ಐದನೆಯ ತಿಂಗಳಲ್ಲಿ, ಅನಘಾ ಅದಾಗಿ ಒಂದು ತಿಂಗಳಿಗೆ. ಎಲ್ಲಾ ಸರಿಹೋಯಿತು ಎಂದು ಬರೆಯಲಾರೆ. ನಮ್ಮಲ್ಲಿ ಒಂದು ಒಪ್ಪಂದವಾಯಿತು, ನಾನು ಮಿತಿಮೀರಿದಾಗ ರಘು "ಸುಮಾ, ಹೆದರಿಕೆಯಾ?" ಎಂದು ಕೇಳುತ್ತಾರೆ. ಹೌದು ಅನ್ನುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಎಷ್ಟೋ ದಿನ ಹಲ್ಲು ಕಚ್ಚಿ ಇಲ್ಲ ಅಂದಿದ್ದೇನೆ, ತಟ್ಟೆ ಕುಕ್ಕಿದ್ದೇನೆ. ಅವರು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತು ಬಂದಿದ್ದಾರೆ. ಆ ಅರ್ಧ ಗಂಟೆ ನಾನು ಕಿಟಕಿಯಲ್ಲಿ ನಿಂತು, ಈ ಸಲ ರಿಕ್ಷಾ ಹಿಡಿದರೆ ಎಂದು ಕಾದಿದ್ದೇನೆ. ಹಿಡಿಯಲಿಲ್ಲ. ನನಗೆ ಹೆದರಿಕೆ ಎಂದು ಮೊದಲ ಸಲ ಬಾಯಿಬಿಟ್ಟಾಗ ರಘು ಏನೂ ಬುದ್ಧಿ ಹೇಳಲಿಲ್ಲ. "ನಂಗೂ" ಎಂದು ಪಕ್ಕದಲ್ಲಿ ಕೂತರು.

ಹೀಗೆ ಏಳೆಂಟು ವರ್ಷ ಕಳೆದವು. ಕ್ಲಿನಿಕ್ಕಿನ ಭೇಟಿ ತಿಂಗಳಿಗೊಮ್ಮೆ ಆಯಿತು, ಆಮೇಲೆ ಬೇಕೆನಿಸಿದಾಗ. ಅನಘಾ ನವಿ ಮುಂಬೈಯ ಒಂದು ಕಾಲೇಜಿಗೆ ಸೇರಿದಳು. ಎರಡನೆಯ ವರ್ಷದ ಪರೀಕ್ಷೆ ನಡೆಯುತ್ತಿದ್ದ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವಳ ಫೋನ್ ಬಂತು. ಹಿಂದೆ ರೈಲಿನ ಸದ್ದು; ನೆರೂಳ್ ಸ್ಟೇಶನ್ನಿಗೆ ಬರಲಾಗುತ್ತದೆಯೇ ಎಂದು ಕೇಳಿದಳು.

"ಅಮ್ಮಾ, ನೆರೂಳ್ ಸ್ಟೇಶನ್ ಪೇ ಹೂಂ. ಆಪ್ ಆ ಸಕ್ತೀ ಹೋ?"

"ಎಂತ ಆಯ್ತು? ಪಪ್ಪನಿಗೆ ಫೋನ್ ಮಾಡ್ಲಾ?"

"ನಹೀಂ. ಪಪ್ಪಾ ನಹೀಂ ಸಮಝೇಂಗೇ. ಆಪ್ ಆಓ."

ಥಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗುವವರೆಗೆ ನಾನು ಅನುಭವಿಸಿದ್ದನ್ನು ಬರೆಯಲಾರೆ. ಅಪ್ಪ ಅರ್ಥಮಾಡಿಕೊಳ್ಳಲಾರದ, ನಾನು ಮಾತ್ರ ಅರ್ಥಮಾಡಿಕೊಳ್ಳಬಲ್ಲ ಸಂಗತಿ ಯಾವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವಳು ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಬ್ಯಾಗನ್ನು ಅಪ್ಪಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಬಾಯಿಗೆ ಬಂದ ಪ್ರಶ್ನೆಗಳನ್ನೆಲ್ಲ ನುಂಗಿದೆ. ಎರಡು ಗಾಡಿ ಹೋದ ಮೇಲೆ ಅವಳೇ ಮಾತಾಡಿದಳು, ಅಪರೂಪಕ್ಕೆ ಕನ್ನಡದಲ್ಲಿ.

"ಅಮ್ಮಾ, ಮೂರು ಗಂಟೆ ಪೇಪರ್. ನಾನು ಮೊದಲ್ನೇ ಆನ್ಸರೇ ಬರೀತಾ ಇದ್ದೆ. ಬರೆದೆ, ಕಾಟ್ ದಿಯಾ. ಬರೆದೆ, ಕಾಟ್ ದಿಯಾ. ಸರಿ ಆಗಲೇ ಇಲ್ಲ. ಬಾಕೀ ಪೂರಾ ಖಾಲಿ." ಬಿಕ್ಕಿದಳು. "ಪಹಲೀ ಬಾರ್ ನಹೀಂ ಹೈ." ಇದು ಮೊದಲ ಸಲವಲ್ಲ ಎಂದು.

ನನ್ನ ಅಪ್ಪನಿಂದ ನನಗೆ, ನನ್ನಿಂದ ಅವಳಿಗೆ. ಆಸ್ಪತ್ರೆಯ ದಿನಕ್ಕಿಂತ ಹೆಚ್ಚು ಹೆದರಿದ್ದು ಅಂದೇ. ಕ್ಷಮಿಸು ಎಂದು ಕಾಲು ಹಿಡಿಯಬೇಕೆನಿಸಿತು. ಆದರೆ ಅದು ಅವಳಿಗೆ ಬೇಕಾದದ್ದಲ್ಲ, ನನಗೆ ಬೇಕಾದದ್ದು.

"ಬರೆಯುವಾಗ ಎದೆ ಹೇಗಿತ್ತು?" ಎಂದು ಕೇಳಿದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕೈ ಬಂದು ನನ್ನ ಕೈಯನ್ನು ಹುಡುಕಿತು. "ಜೋರ್ ಸೇ" ಎಂದಳು. "ಆಪ್‌ಕಾ ಭೀ ಹೋತಾ ಥಾ ನಾ?" ನಿನಗೂ ಹೀಗೇ ಆಗುತ್ತಿತ್ತಲ್ಲ ಎಂದು.

"ಈಗಲೂ ಆಗ್ತದೆ. ಈಗಲೇ ಆಗ್ತಾ ಉಂಟು."

ಮರುದಿನ ಇಬ್ಬರೂ ಥಾಣೆಗೆ ಹೋದೆವು. ನನಗೆ ನಲವತ್ತೊಂದು ವರ್ಷ ಹಿಡಿದ ದಾರಿಗೆ ಅವಳು ಹತ್ತೊಂಬತ್ತಕ್ಕೆ ತಾನಾಗಿ ಬಂದಿದ್ದಳು. ಹೆಸರು ಕರೆದಾಗ ನಾನೂ ಎದ್ದೆ. ಡಾಕ್ಟರ್ ಬಾಯಿ ಬಾಗಿಲಲ್ಲಿ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದರು. ಅನಘಾ ಒಬ್ಬಳೇ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಒಮ್ಮೆ ಅವಳ ದನಿ ಏರಿತು, ಆಮೇಲೆ ಅಳು, ಆಮೇಲೆ ಏನೂ ಇಲ್ಲ. ನನ್ನ ಬಗ್ಗೆಯೇ ಹೇಳುತ್ತಿರಬೇಕು. ಎಲ್ಲಿಂದ ಶುರುಮಾಡಿರುತ್ತಾಳೋ, ನನಗೆ ನೆನಪೇ ಇಲ್ಲದ ಯಾವ ಯಾವ ದಿನಗಳು ಅವಳಲ್ಲಿ ಇವೆಯೋ. ಎದ್ದು ಬಾಗಿಲು ತಟ್ಟಿ, ಅದು ಹಾಗಲ್ಲ ಎಂದು ಹೇಳಬೇಕೆಂದು ಮೈಯೆಲ್ಲ ತುಡಿಯುತ್ತಿತ್ತು. ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದುಕೊಂಡೆ.

ಹೇಳಲಿ ಎಂದು ಕೂತೆ.